ಆಫ್ ಆಗಲೊಲ್ಲದ ಲ್ಯಾಪ್‌ಟಾಪ್

"ಆಫ್ ಮಾಡಬೇಡಿ!"

ವಿನುತಾ ಕೂಗಿದ್ದಷ್ಟೇ ಅಲ್ಲ, ಅವನ ಕೈಯನ್ನೇ ಹಿಡಿದುಬಿಟ್ಟಿದ್ದಳು!

ಹೊನ್ನಾವರ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿ ಅಂಗಡಿ ಅದು. ಲ್ಯಾಪ್‌ಟಾಪಿನ ಗುಂಡಿಯ ಮೇಲೆ ಅಂಗಡಿಯವ ದೇವುವಿನ ಬೆರಳು, ಅದರ ಮೇಲೆ ಅವಳ ಕೈ. ಪರಿಚಯವಂತೂ ಇನ್ನೂ ಆಗಿರಲಿಲ್ಲ.

"ಆಫ್ ಮಾಡದೇ ಎಂತ ನೋಡೂದು ಮಾರಾಯ್ರೆ?" ದೇವು ನಕ್ಕ.

ವಿನುತಾ ತಟ್ಟನೆ ಕೈ ಹಿಂದೆಗೆದಳು. ಮುಖ ಕೆಂಪಾಗಿತ್ತು.

"ಇದು ಆಫ್ ಆಗೂಕೇ ಒಂದು ಯುಗ ಬೇಕು. ಮತ್ತೆ ಶುರು ಆಗೂಕೆ ಇನ್ನೊಂದು ಯುಗ. ನಂಗೆ ಬಸ್ ತಪ್ಪಿದ್ರೆ ಅಣ್ಣ..."

ದೇವು ಅದನ್ನು ಕೆದಕಲಿಲ್ಲ. ಸುಮ್ಮನೆ ಸ್ಟೂಲು ಎಳೆದು ಕೊಟ್ಟ.

ಅಣ್ಣ ಎಂದರೆ ನರೇಶ. ಭಟ್ಕಳದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಅವನದು. ಅಕ್ಕ ಧನ್ಯಶ್ರೀ ಯಾರಿಗೂ ಹೇಳದೆ ಮದುವೆಯಾಗಿ ಹೋದಂದಿನಿಂದ ಕಾಯ್ಕಿಣಿ ಊರಿನ ಅಪ್ಪನಿಲ್ಲದ ಮನೆಯಲ್ಲಿ ತಂಗಿಗೆ ಹೊಸ್ತಿಲೇ ಗಡಿಯಾಗಿತ್ತು. ಬಿ.ಕಾಂ. ಮುಗಿಸಿದ ಹುಡುಗಿ ಮನೆಯಲ್ಲೇ ಕೂತು ಅಣ್ಣನ ಅಂಗಡಿಯ ಲೆಕ್ಕ ಹಾಕಬೇಕು. ಲ್ಯಾಪ್‌ಟಾಪ್ ಕೆಟ್ಟರೆ ಮಾತ್ರ ಹೊರಗೆ ಹೋಗಲು ಅಪ್ಪಣೆ. ಭಟ್ಕಳದಲ್ಲಿ ಗುರುತಿನವರು ತಂಗಿಯನ್ನು ಮಾತಾಡಿಸುವುದು ಅವನಿಗೆ ಬೇಡ, ಹಾಗಾಗಿ ಹೊನ್ನಾವರ!

ಮೊದಲ ಸಲ ದೇವು ಬೇಡದ ಪ್ರೋಗ್ರಾಂಗಳನ್ನೆಲ್ಲ ತೆಗೆದ. ಉಪಯೋಗವಾಗಲಿಲ್ಲ. ಮುಂದಿನ ಸಲ ಹಳೆಯ ಡಿಸ್ಕ್ ಬಿಚ್ಚಿ, ಅದರಲ್ಲಿದ್ದದ್ದನ್ನೆಲ್ಲ ಹಾಗೇ ಹೊಸ ಡಿಸ್ಕಿಗೆ ಇಳಿಸಿ ಹಾಕಿಕೊಟ್ಟ. ಶುರುವಾಗುವುದು ತುಸು ಚುರುಕಾಯಿತು, ಆಫ್ ಆಗುವುದು ಮಾತ್ರ ಹಳೇ ಕಥೆಯೇ. ಪರದೆಯ ಮೇಲೆ ಆ ಸಣ್ಣ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಇವರಿಬ್ಬರೂ ಅದರ ಎದುರು ಕೂತು ಮಾತಾಡುತ್ತಿದ್ದರು. ಹತ್ತಿರದ ಅಪ್ಸರಕೊಂಡ ಜಲಪಾತವನ್ನು ಅವಳು ಶಾಲೆಯ ಪ್ರವಾಸದಲ್ಲಿ ನೋಡಿದ್ದೇ ಕೊನೆ ಎಂದಾಗ ಅವನಿಗೆ ನಗು ಬರಲಿಲ್ಲ, ಸಂಕಟವಾಯಿತು.

'ಅಯ್ಯೋ ದೇವರೇ, ಇದು ಸರಿಯಾಗದೇ ಇರಲಿ!' ಎಂದು ವಿನುತಾ ಮನಸ್ಸಿನಲ್ಲೇ ಬೇಡಿಕೊಂಡಳು. ದುಡ್ಡು ಕೊಟ್ಟು ರಿಪೇರಿಗೆ ತಂದವರು ಬೇಡುವ ಬೇಡಿಕೆಯೇ ಇದು? ಆದರೆ ಅವಳ ಪಾಲಿಗೆ ಆ ನಿಧಾನವೇ ಬಿಡುಗಡೆಯಾಗಿತ್ತು.

ಅವಳು ಮತ್ತೊಮ್ಮೆ ಬಂದಾಗ ದೇವು ನಗಲಿಲ್ಲ.

"ಸಿಕ್ತು. ಇಲ್ಲೊಂದು ಪ್ರೋಗ್ರಾಂ ಅಡಗಿ ಕೂತದೆ. ನಿಮ್ಮ ಪರದೆಯ ಫೋಟೋ ತೆಗೆದು ತೆಗೆದು ಬೇರೆ ಯಾರಿಗೋ ಕಳಿಸ್ತದೆ. ಶುರು ಆಗುವಾಗ ಇದೇ ಮೊದಲು ಏಳೂದು. ಆಫ್ ಮಾಡುವಾಗ ಉಳಿದದ್ದನ್ನೆಲ್ಲ ಕಳಿಸದೇ ಬಿಡೂದಿಲ್ಲ. ಅದಕ್ಕೇ ಇಷ್ಟು ಹೊತ್ತು."

ವಿನುತಾಳಿಗೆ ಹಳೆಯ ಮಾತೊಂದು ನೆನಪಾಯಿತು. 'ವೈರಸ್ ಬರಬಾರದು, ಒಂದು ಸಾಫ್ಟ್‌ವೇರ್ ಹಾಕಿದ್ದೇನೆ' ಎಂದಿದ್ದ ಅಣ್ಣ! ಹಾಗಾದರೆ ಅವಳು ಗುಟ್ಟಾಗಿ ಅರ್ಜಿ ಹಾಕಿದ್ದ ಕುಮಟೆಯ ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ ದಿನವೇ ಮನೆಯ ವೈಫೈ ಕೆಟ್ಟದ್ದು...?

ಕೆಟ್ಟಿರಲಿಲ್ಲ. ಕೆಡಿಸಿದ್ದು!

"ಯಾರು ಹಾಕಿದ್ದು ಅಂತ ನಾ ಕೇಳೂದಿಲ್ಲ. ತೆಗೀಲಾ, ಬೇಡ್ವಾ? ನೀವು ಹೇಳಿದಂಗೆ," ಎಂದ ದೇವು.

ನೀವು ಹೇಳಿದಂಗೆ! ಅವಳ ಮನೆಯಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿದ್ದಿಲ್ಲ. ಕಣ್ಣು ತುಂಬಿ ಬಂತು.

"ಈಗ ಬೇಡ. ತೆಗೆದ್ರೆ ಅಣ್ಣನಿಗೆ ಗೊತ್ತಾಗ್ತದೆ. ಆ ಕಂಪನಿಯವ್ರು ಇನ್ನೊಂದು ಸಲ ಕರ್ದಿದಾರೆ, ಗುರುವಾರ ಮಧ್ಯಾಹ್ನ. ಆಯಿಯ ಫೋನಿನಲ್ಲೇ ಮಾತಾಡಿದ್ದು, ಅಣ್ಣನಿಗೆ ಗೊತ್ತಿಲ್ಲ. ಲೆಕ್ಕದ ಪರೀಕ್ಷೆಯೂ ಇದೆ, ಕಂಪ್ಯೂಟರ್ ಬೇಕೇ ಬೇಕು. ಎಂತ ಮಾಡೂದು ಗೊತ್ತಾಗ್ತಿಲ್ಲ..."

ಆಮೇಲಿನ ದಿನಗಳು ನರಕ. ಅದೇ ಲ್ಯಾಪ್‌ಟಾಪಿನ ಮುಂದೆ, ಅಣ್ಣ ನೋಡುತ್ತಿದ್ದಾನೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೂರಬೇಕು. ಬೆನ್ನ ಹಿಂದೆ ಯಾರೋ ನಿಂತಂತೆ! ಸಂಜೆ ಮುಚ್ಚಲು ಹೋದರೆ ಚಕ್ರ ಸುತ್ತುತ್ತದೆ. ಇಡೀ ದಿನದ ಅವಳ ಬದುಕು ಭಟ್ಕಳಕ್ಕೆ ಹೊರಟಿದೆ! ಅವಳು ನೋಡುತ್ತಾ ಕೂರುವುದು ಬಿಟ್ಟು ಏನೂ ಮಾಡುವಂತಿರಲಿಲ್ಲ.

ಬುಧವಾರ ಸಂಜೆ ನರೇಶ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ.

"ನಾಳೆ ಎಂತ ಇಂಟರ್‌ವ್ಯೂ? ಆ ರಿಪೇರಿಯವ ಎಲ್ಲಾ ಹೇಳಿದ. ಅವನ ಅಂಗಡಿಯಲ್ಲೇ ಕೂತು ಮಾಡೂದಂತೆ! ಧನ್ಯಾ ಹಿಡಿದ ದಾರಿಯೇ ನಿಂದೂ ಆತಲ್ಲ!"

ವಿನುತಾಳಿಗೆ ಭೂಮಿ ಬಾಯಿಬಿಟ್ಟಂತಾಯಿತು. ದೇವು... ಹೇಳಿಬಿಟ್ಟನೇ? ಅಣ್ಣ ಬೀಗ ಹಾಕಿದ್ದಕ್ಕಿಂತ ಅದೇ ಹೆಚ್ಚು ಸುಟ್ಟಿತು.

ಮರುದಿನ ನರೇಶ ಭಟ್ಕಳಕ್ಕೆ ಹೋದ ಮೇಲೆ ತಾಯಿ ಜಯಂತಿ ಅಡುಗೆಮನೆಯಿಂದ ಹೊರಬಂದಳು.

"ಬಸ್ಸಿಗೆ ಹೊತ್ತಾತು. ಹೋಗು."

"ಆಯಿ... ಅಣ್ಣ ಕೇಳಿದ್ರೆ?"

"ನಾನೇ ಕಳಿಸಿದ್ದು ಅಂತ ಹೇಳ್ತೆ. ನಂಗೂ ಬಾಯಿ ಅದೆ."

ಬಸ್ಸು ಶರಾವತಿ ಸೇತುವೆ ದಾಟುವಾಗಲೂ ದೇವುವಿನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅಂಗಡಿಗೆ ಕಾಲಿಟ್ಟವಳೇ ಸಿಡಿದಳು.

"ಎಷ್ಟು ನಂಬಿದ್ದೆ ನಿಮ್ಮನ್ನ! ಅಣ್ಣನಿಗೆ ಹೇಳಿಬಿಟ್ರಲ್ಲ!"

"ಅಣ್ಣನಿಗಾ?" ದೇವು ಕಕ್ಕಾಬಿಕ್ಕಿಯಾದ. "ನಾ ನಿಮಗೇ ಮೆಸೇಜ್ ಹಾಕಿದ್ದು! ಹೆದರಬೇಡಿ, ಇಂಟರ್‌ವ್ಯೂಗೆ ಇಲ್ಲಿಯ ಕಂಪ್ಯೂಟರ್ ಅದೆ, ಬನ್ನಿ ಅಂತ. ಮೊದಲ ದಿನ ನೀವೇ ಹೇಳಿದ ನಂಬರಿಗೆ..."

ವಿನುತಾ ಹಣೆ ಚಚ್ಚಿಕೊಂಡಳು.

ಆ ಮನೆಯ ಹೆಣ್ಣುಮಕ್ಕಳು ಔಷಧಿ ಅಂಗಡಿಯಿರಲಿ, ಟೈಲರ್ ಇರಲಿ, ಯಾರು ನಂಬರ್ ಕೇಳಿದರೂ ಹೇಳುವುದು ಮನೆಯ ಗಂಡಸಿನದು. ಸಣ್ಣವಳಿದ್ದಾಗಿನಿಂದ ಬಾಯಿಗೆ ಬಂದದ್ದು ಅದೊಂದೇ ನಂಬರ್. ಅವಳು ಹೇಳಿದ್ದೂ ಅಣ್ಣನದೇ!

"ತಪ್ಪು ನಂದು..." ಎಂದಳು ಅಳುತ್ತಾ.

"ಅಳೂದು ಆಮೇಲೆ. ಅವರು ಕರೆಯುವ ಹೊತ್ತಾತು, ಬನ್ನಿ."

ಪರೀಕ್ಷೆ ಮುಗಿದು ಪ್ರಶ್ನೆಗಳು ಶುರುವಾಗಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ನರೇಶ! ದೇವು ಎದ್ದು ನಿಂತ. ವಿನುತಾಳಿಗೆ ಒಂದು ಕ್ಷಣ, ಒಂದೇ ಕ್ಷಣ, ಎದ್ದುಬಿಡೋಣವೆನ್ನಿಸಿತು.

"ಅಣ್ಣಾ, ಅಲ್ಲಿ ಕೂತ್ಕೋ. ಮಾತಾಡ್ತಿದ್ದೇನೆ," ಎಂದಳು.

ಮತ್ತೆ ಪರದೆಗೆ ತಿರುಗಿ ಉತ್ತರ ಪೂರ್ತಿ ಮಾಡಿದಳು. ನರೇಶ ನಿಂತೇ ಇದ್ದ.

ಮುಗಿದ ಮೇಲೆ ಅವಳೇ ಎದುರು ಹೋಗಿ ನಿಂತಳು. "ಅಕ್ಕ ಹೇಳದೇ ಹೋದ್ಲು. ಎಂತಕ್ಕೆ ಗೊತ್ತುಂಟಾ? ಹೇಳಿದ್ರೆ ನೀ ಬಿಡ್ತಿರಲಿಲ್ಲ. ನಾ ಹೇಳಿಯೇ ಹೋಗ್ತೆ, ಅಣ್ಣಾ. ನನ್ನ ಹಿಂದೆ ಕಣ್ಣು ಇಡಬೇಡ."

ನರೇಶನ ಮುಖ ಬಾಡಿತು. "ಮನೆಗೆ ಬಾ," ಎಂದಷ್ಟೇ ಹೇಳಿ ಹೊರಟುಹೋದ.

ಕುಮಟೆಯ ಕೆಲಸ ಸಿಕ್ಕಿತು. ಹೊರಡುವ ದಿನ ನರೇಶ ಕಪಾಟಿನ ಬೀಗ ತೆಗೆದು ಲ್ಯಾಪ್‌ಟಾಪ್ ತಂದು ಅವಳ ಬ್ಯಾಗಿನ ಮೇಲೆ ಇಟ್ಟ. ವಿನುತಾ ಅದನ್ನು ಹಿಡಿದು ಹೊನ್ನಾವರದಲ್ಲಿ ಇಳಿದಳು.

ದೇವು ಆ ಪ್ರೋಗ್ರಾಂ ಹುಡುಕಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ನೀವೇ ತೆಗೀರಿ."

ಅವಳು ಒತ್ತಿದಳು. ಆಮೇಲೆ ಆಫ್ ಮಾಡಿದರೆ ಪರದೆ ತಟ್ಟನೆ ಆರಿತು!

"ಸರಿ ಆತು," ಎಂದ ದೇವು. ಧ್ವನಿಯಲ್ಲಿ ಬೇಸರ ತುಂಬಿತ್ತು. "ಇನ್ನು ನೀವು ಬರೂಕೆ ಕಾರಣ ಇಲ್ಲ."

"ಕಾರಣ ಬೇಕಾ?"

"ನಂಗೆ ನೀವಂದ್ರೆ ಇಷ್ಟ, ವಿನುತಾ. ಆ ದಿನ ಕೈ ಹಿಡಿದ್ರಲ್ಲ... ಅವತ್ತಿಂದ."

"ನಂಗೂ," ಎಂದಳು ತಲೆತಗ್ಗಿಸಿ. "ಆದ್ರೆ ಮದುವೆ ಮಾತು ಈಗ ಬೇಡ. ಸ್ವಲ್ಪ ಕಾಲ ನನ್ನ ಬಾಗಿಲು ನಾನೇ ತೆಗೆದು, ನಾನೇ ಹಾಕ್ಕೊಂಡು ಇರಬೇಕು."

"ಆತು. ನೀವು ಹೇಳಿದಂಗೆ."

"ಮತ್ತೆ... ಇದರ ಪಾಸ್‌ವರ್ಡ್ ಬದಲಾಯಿಸ್ತೆ. ನಿಮಗೂ ಹೇಳೂದಿಲ್ಲ."

"ಮದುವೆ ಆದ್ಮೇಲೂ ಹೇಳಬೇಡಿ."

ವಿನುತಾ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದಳು. ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿ ನಕ್ಕಳು.

"ನಿಮ್ಮ ಹೆಸರನ್ನೇ ಇಟ್ರೂ... ಹೇಳೂದಿಲ್ಲ!"