ಎಂದೂ ಬಿಡದ ಬೆಸುಗೆ

"ಎಷ್ಟೇ ಎಳೆದ್ರೂ ಬಿಡದೇ ಇರೋ ಬೆಸುಗೆ ಅಂತ ಈ ಲೋಕದಲ್ಲಿ ಎಲ್ಲಾದ್ರೂ ಇದೆಯಾ?"

ಯಾರೂ ಇಲ್ಲದ ಕೋಣೆಯಲ್ಲಿ, ಅವಳ ಕಂಪ್ಯೂಟರಿನ ಪರದೆಯ ಮುಂದೆ ನಿಂತು ಅವನು ತನ್ನಷ್ಟಕ್ಕೆ ಕೇಳಿಕೊಂಡ.

ಬಾಗಿಲಿಗೆ ಬಂದ ಅವಳಿಗೆ ಮೈಯೆಲ್ಲ ಉರಿಯಿತು.

"ಇದೆ. ನನ್ನ ಮಾಡೆಲ್‌ನಲ್ಲಿ! ಕೇಳ್ದೆ ಒಳಗೆ ಬಂದ ಮಹಾನುಭಾವರು ಯಾರೋ?"

"ಟೆಸ್ಟ್ ಶೆಡ್ಡಿನವನು. ನೀವು ಕೂತು ಜೋಡಿಸಿದ್ದನ್ನ ನಿಂತು ಹರಿಯೋನು."

ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ...

ವಾಹನದ ಮೈಯಲ್ಲಿ ತಗಡಿಗೆ ತಗಡನ್ನು ಹಿಡಿದಿಡುವ ಬೆಸುಗೆಗಳನ್ನು ಕಂಪ್ಯೂಟರಿನೊಳಗೆ ಕಟ್ಟಿ, ಡಿಕ್ಕಿಯಾದರೆ ಯಾವ ಕೀಲು ನಿಲ್ಲುತ್ತದೆ, ಯಾವುದು ಬಿಡುತ್ತದೆ ಎಂದು ಮೊದಲೇ ಹೇಳುವುದು ಅವಳ ಕೆಲಸ. ಅದೇ ಕೀಲನ್ನು ಶೆಡ್ಡಿನಲ್ಲಿ ನಿಜವಾಗಿ ಎಳೆದು ನೋಡುವುದು ಅವನದು. ಪರದೆಯ ಮೇಲೆ ಬೆಸುಗೆಗಳೆಲ್ಲ ಚುಕ್ಕಿಗಳು. ಅದಕ್ಕೇ ಅವನು ಅವಳನ್ನು ಚುಕ್ಕಿ ಎಂದ. ಅವಳು ಅವನನ್ನು ಹರಕಪ್ಪ ಎಂದಳು. ಜಗಳ ಒಲವಾಯಿತು, ಒಲವು ಎರಡೂ ಮನೆಯ ಮಾತಾಯಿತು, ಮದುವೆಯ ದಿನವೂ ಗೊತ್ತಾಯಿತು.

ಆಗ ಪರೀಕ್ಷೆಗೆ ಬಂದದ್ದು ಆ ಹೊಸ ಆಂಬುಲೆನ್ಸ್.

ಅದರ ಹಿಂಬಾಗಿಲ ಕಂಬದ ಕೀಲು ಬಿಡುವುದೇ ಇಲ್ಲ ಎಂದಿತ್ತು ಅವಳ ಲೆಕ್ಕ. ಅದನ್ನು ನಂಬಿಯೇ ಎಳೆಯುವ ಯಂತ್ರದ ಸುತ್ತ ಯಾರೂ ದಾಟಬಾರದ ಹಳದಿ ಗೆರೆಯನ್ನು ಹತ್ತಿರಕ್ಕೆ ಬಳಿದರು. ಪರೀಕ್ಷೆಯ ದಿನ ಹೊಲಿಗೆ ಬಿಚ್ಚಿದ ಹಾಗೆ ಬೆಸುಗೆಗಳು ಸಾಲಾಗಿ ಬಿಟ್ಟವು. ಸಿಡಿದ ತಗಡು ಅವನ ಬಲಗೈಯನ್ನು ಮಣಿಕಟ್ಟಿನಿಂದ ಕತ್ತರಿಸಿತು!

"ಗೆರೆ ದಾಟಿದ್ದೆ. ಬೆಸುಗೆ ಹಾಕಿಸಿದ್ದೂ ನಾನೇ, ಸರಿಯಾಗಿ ಹಾಕಿಸಿರ್ಲಿಲ್ಲ," ಎಂದ ಅವನು, ವಿಚಾರಣೆಗೆ ಬಂದ ಸಾಹೇಬರಿಗೆ. ಅವನ ಕೆಲಸ ಹೋಯಿತು.

ಅವಳೂ ಅದನ್ನೇ ನಂಬಿದಳು. ಆಸ್ಪತ್ರೆಯ ಮಂಚದ ಪಕ್ಕ ನಿಂತು, ದುಃಖವೋ ಸಿಟ್ಟೋ ತಿಳಿಯದೆ, ಬಾಯಿಗೆ ಬಂದದ್ದನ್ನು ಆಡಿದಳು.

"ನನ್ನ ಲೆಕ್ಕ ಅಂದ್ರೆ ನಿಂಗೆ ಯಾವಾಗ್ಲೂ ತಮಾಷೆ! ಗೆರೆ ದಾಟೋವಾಗ ನನ್ನ ನೆನಪೂ ಆಗ್ಲಿಲ್ವಾ?"

ಅವನು ಗೋಡೆಯ ಕಡೆ ಹೊರಳಿದ. "ಹೋಗು ಚುಕ್ಕಿ. ಈ ಮದುವೆ ಬೇಡ."

ಆಮೇಲೆ ಅವಳ ಫೋನನ್ನು ಅವನು ಎತ್ತಲೇ ಇಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಬೇರೊಂದು ಗಾಡಿಯ ಕೆಲಸಕ್ಕೆಂದು ಅವಳು ಆಂಬುಲೆನ್ಸಿನ ಆ ಹಳೆಯ ಮಾಡೆಲ್ ತೆರೆದಳು. ಅವಳ ಜೊತೆ ಕೆಲಸ ಮಾಡುವವರಿಗೆಲ್ಲ ಒಂದು ರೂಢಿ. ಮೊದಲ ಸಲ ಲೆಕ್ಕ ಓಡಿಸುವಾಗ ಬೆಸುಗೆಗಳು ಮುರಿಯದಂತೆ ಕಟ್ಟಿಹಾಕುವರು; ಇಲ್ಲದಿದ್ದರೆ ಸಣ್ಣ ತಪ್ಪಿಗೂ ಲೆಕ್ಕ ನಡುವೆಯೇ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ಕಟ್ಟು ಬಿಚ್ಚಿ ಮತ್ತೆ ಓಡಿಸುವರು.

ಹಿಂಬಾಗಿಲ ಕಂಬದ ಕಟ್ಟು ಬಿಚ್ಚಿರಲೇ ಇಲ್ಲ.

'ಅಯ್ಯೋ ದೇವರೇ... ನಾನೇ ಮರೆತಿದ್ದೆನಾ?'

ಕಟ್ಟು ಬಿಚ್ಚಿ, ಮತ್ತೆ ಓಡಿಸಿದಳು. ಶೆಡ್ಡಿನಲ್ಲಿ ಆದಂತೆಯೇ, ಪರದೆಯಲ್ಲಿ ಒಂದೊಂದೇ ಚುಕ್ಕಿ ನಂದಿತು.

ಸಂಜೆ ಅವನ ಮನೆಯ ಬಾಗಿಲು ತೆರೆದದ್ದು ಅವನ ಅಕ್ಕ.

"ಈಗ ದಾರಿ ಗೊತ್ತಾಯ್ತಾ ತಾಯಿ?"

"ಅಕ್ಕಾ, ಅವನು ಗೆರೆ ದಾಟಿರ್ಲಿಲ್ಲ... ಅಲ್ವಾ?"

ಅಕ್ಕನ ಮುಖ ಕುಗ್ಗಿತು. "ಆಸ್ಪತ್ರೇಲಿ ನಿನ್ನ ಲೆಕ್ಕದ ಚಿತ್ರಗಳನ್ನ ತನ್ನ ಫೋನಲ್ಲಿ ತೋರಿಸು ಅಂದ. ನೋಡಿದ, ಕಣ್ಣು ಮುಚ್ಚಿದ. ಮಾರನೇ ದಿನ ಸಾಹೇಬ್ರ ಹತ್ರ ಹಾಗಂದ. ನನ್ ಬಾಯಿಗೂ ಬೀಗ ಹಾಕಿಬಿಟ್ಟ ಕಣೇ!"

ಒಳಗೆ ಅವನು ಎಡಗೈಯೊಂದರಲ್ಲೇ ಅಂಗಿಯ ಗುಂಡಿಯೊಡನೆ ಹೆಣಗುತ್ತಿದ್ದ.

"ನಿಂಗೆ ಗೊತ್ತಿತ್ತು," ಎಂದಳು.

"ನಿನ್ನ ಚಿತ್ರದಲ್ಲಿ ತಗಡೆಲ್ಲ ನಜ್ಜುಗುಜ್ಜಾಗಿದೆ, ಆದ್ರೂ ಬೆಸುಗೆ ಒಂದೂ ಬಿಟ್ಟಿಲ್ಲ. ಹರಿಯೋನಿಗೆ ಅಷ್ಟೂ ತಿಳಿಯಲ್ವಾ?"

"ಯಾಕೋ ಸುಳ್ಳು ಹೇಳ್ದೆ?"

"ಕೈ ಹೇಗೂ ಹೋಗಿತ್ತು. ಜೊತೆಗೆ ನಿನ್ನ ಹೆಸರೂ ಹೋಗ್ಬೇಕಿತ್ತಾ?"

"ನನ್ನನ್ನ ಯಾಕೆ ದೂರ ಮಾಡ್ದೆ?"

"ಹತ್ರ ಇದ್ದಿದ್ರೆ ಒಂದು ದಿನ ಬಾಯಿ ಬಿಡ್ತಿದ್ದೆ..."

ಅವಳು ನೆಲಕ್ಕೆ ಕುಸಿದು ಬಿಕ್ಕಿದಳು. ಅವನು ಗುಂಡಿ ಬಿಟ್ಟು ಅವಳ ಹತ್ತಿರ ಬಂದ. ಮೆಲ್ಲಗೆ ಅಂದ:

"ಬೆಳಿಗ್ಗೆ ಎದ್ದು ದೇವರ ಮುಂದೆ ನಿಲ್ತೀನಿ ಚುಕ್ಕಿ. ಕೈ ಮುಗಿಯೋಕೇ ಬರಲ್ಲ."

ಅವಳು ಎದ್ದು ಅವನ ಎಡ ಅಂಗೈಗೆ ತನ್ನ ಅಂಗೈ ಜೋಡಿಸಿದಳು.

"ಸಾಹೇಬ್ರಿಗೆ ಎಲ್ಲಾನೂ ಹೇಳ್ತೀನಿ," ಎಂದಳು. "ನಾಳೆ ಬೆಳಿಗ್ಗೇನೇ."

"ಹುಚ್ಚಾ ನಿಂಗೆ? ಕೆಲಸ ಹೋಗುತ್ತೆ. ಎಲ್ಲೂ ಮತ್ತೆ ಸೇರಿಸ್ಕೊಳ್ಳಲ್ಲ."

"ನಿನ್ನ ಸುಳ್ಳು ನಂಬಿ ಅದೇ ಕೀಲಿಟ್ಟು ಆಂಬುಲೆನ್ಸ್ ಕಟ್ತಿದ್ದಾರೆ ಕಣೋ. ಒಳಗೆ ಯಾರದೋ ಅಮ್ಮ ಮಲಗಿರ್ತಾಳೆ..."

ಅವನ ತಲೆ ತಗ್ಗಿತು. "ಇನ್ನೊಂದು ಸಾಲು ಬೆಸುಗೆ ಹಾಕ್ಸಿ ಅಂತ ಅವತ್ತೇ ಸಾಹೇಬ್ರನ್ನ ಬೇಡ್ಕೊಂಡೆ. ತಪ್ಪಿತಸ್ಥನ ಮಾತಿಗೆ ಯಾರು ಕಿವಿ ಕೊಡ್ತಾರೆ?"

"ನನ್ನ ಮಾತಿಗೆ ಕೊಡ್ತಾರೆ."

"ನಮ್ಮಿಬ್ರಲ್ಲಿ ಒಬ್ರಾದ್ರೂ ಉಳೀಬೇಕು ಚುಕ್ಕಿ. ಇಷ್ಟು ದಿನ ನಾನು ಏನನ್ನೂ ಕೇಳಿಲ್ಲ. ಇದೊಂದು ನಡೆಸಿಕೊಡು... ಸುಮ್ನಿದ್ದುಬಿಡು."

ಅವಳು ಅಂಗೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.

"ಇಲ್ಲ. ನಡೆಸಿಕೊಡಲ್ಲ."