ದವಡೆಯ ಹರಳು

ಬಹಳ ಹಿಂದೆ, ಏಳು ಗುಡ್ಡಗಳಾಚೆಯ ಜಾಲಗಿರಿ ರಾಜ್ಯದಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಓಟ ನಡೆಯುತ್ತಿತ್ತು. ಓಡುವವರು ದವಡೆಯಲ್ಲಿ ಅಡಿಕೆಯಂತೆ ಒಂದು ಕರಿ ಹರಳು ಇಟ್ಟುಕೊಳ್ಳಬೇಕು, ಬಾಯಿ ಬಿಡಬಾರದು. "ಉಗುಳಿದವರು ಕಲ್ಲಾಗುತ್ತಾರೆ" ಎನ್ನುತ್ತಿದ್ದ ಅರಮನೆಯ ಗುರು ಮೋರಂಗ. ಅವನೊಬ್ಬ ಮಾಂತ್ರಿಕ. ಮಕ್ಕಳು ಒಳಗೇ ನುಂಗಿಕೊಂಡ ನಡುಕವೇ ಅವನ ಊಟ. ಪ್ರತಿ ವರ್ಷ ಕೆಲವರು ಕಲ್ಲಾಗುತ್ತಿದ್ದರು. ದೊಡ್ಡವರು ಆ ಕಲ್ಲುಗಳಿಗೆ ಒರಗಿ ಕೂತು ಚಪ್ಪಾಳೆ ತಟ್ಟುತ್ತಿದ್ದರು.

ಹೋದ ವರ್ಷ ಸಿದ್ಲಿಯ ಅಣ್ಣ ಬೈರ ಕಲ್ಲಾಗಿದ್ದ. ಗೆದ್ದವರು ಕೇಳಿದ್ದನ್ನು ರಾಜ ಕೊಡಬೇಕು. ಅಣ್ಣನನ್ನು ಮರಳಿ ಕೇಳಲೆಂದೇ ಸಿದ್ಲಿ ಓಟಕ್ಕೆ ನಿಂತಳು.

ನಗಾರಿ ಬಡಿದರು. ಮೊದಲ ತಿರುವಿನಲ್ಲಿ ಕಾಗೆಯೊಂದು ಅವಳ ಹೆಗಲೇರಿತು. "ಬಿದ್ದರೆ ಊರೆಲ್ಲ ನಗುತ್ತೆ," ಎಂದಿತು. ಸಿದ್ಲಿ ಊರನ್ನು ನೋಡಲಿಲ್ಲ, ಮುಂದಿನ ಹೆಜ್ಜೆ ನೋಡಿದಳು. ಕಾಗೆ ಮಸಿಯಾಗಿ ಉದುರಿತು.

ಎರಡನೆಯ ತಿರುವಿನಲ್ಲಿ ಹೆಬ್ಬಾವು ಎದೆಗೆ ಸುತ್ತಿಕೊಂಡಿತು. "ಸೋತರೆ ಅಣ್ಣ ಇಲ್ಲ," ಎಂದಿತು. ಸಿದ್ಲಿ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಳು. ಹಾವು ಸಡಿಲವಾಗಿ ಜಾರಿತು.

ಮೂರನೆಯ ತಿರುವಿನಲ್ಲಿ ಮೋರಂಗನೇ ಹುಲಿಯಾಗಿ ನಿಂತಿದ್ದ. ಅವಳನ್ನೇ ದಿಟ್ಟಿಸಿ ನೋಡಿದ. ಸಿದ್ಲಿಯ ಕಾಲು ಗಡಗಡ ನಡುಗಿ ಹೆಬ್ಬೆರಳು ಕಲ್ಲಾಯಿತು. ಪಕ್ಕದಲ್ಲಿ ಓಡುತ್ತಿದ್ದ ಕುಂಬಾರರ ಲಕ್ಕನ ಪಾದವೂ ಕಲ್ಲಾಗುತ್ತಿತ್ತು.

ಅಲ್ಲೇ ಬೈರನ ಕಲ್ಲಿತ್ತು. ಅದರ ಒಂದು ಕೆನ್ನೆ ಉಬ್ಬಿತ್ತು. ಅಣ್ಣ ಹರಳು ಉಗುಳಿರಲೇ ಇಲ್ಲ. ಹೇಳಿದಂತೆ ಕೇಳಿದ್ದ, ಕೇಳಿಯೇ ಕಲ್ಲಾಗಿದ್ದ.

ಸಿದ್ಲಿಗೆ ಸಿಟ್ಟು ನೆತ್ತಿಗೇರಿತು. ಹರಳನ್ನು ಹುಲಿಯ ಮುಂದೆಯೇ ಉಗುಳಿದಳು.

"ಲಕ್ಕ, ನನಗೆ ಕೈಕಾಲು ನಡುಗ್ತಿದೆ ಕಣೋ."

ಲಕ್ಕ ಬಾಯಿ ತೆರೆದ, ಹರಳು ತಾನೇ ಬಿತ್ತು. "ನಿನಗೂನಾ? ಬೆಳಿಗ್ಗೆ ನೀನು ಮೂತಿ ಬಿಗಿದುಕೊಂಡು ನಿಂತಿದ್ದೆ. ಸೊಕ್ಕು ಅಂದ್ಕೊಂಡೆ."

"ಸೊಕ್ಕಲ್ಲ ಮಾರಾಯ, ಬಾಯಿ ಬಿಟ್ಟರೆ ವಾಂತಿ ಆಗ್ತಿತ್ತು."

ಲಕ್ಕ ನಕ್ಕ. ಅವನ ಪಾದಕ್ಕೆ, ಅವಳ ಹೆಬ್ಬೆರಳಿಗೆ ಬಿಸಿ ಬಂತು. ಹಿಂದೆ ಬರುತ್ತಿದ್ದವರೂ ಉಗುಳಿದರು. "ನನಗೂ ಭಯ," "ನನಗೂ," ಎಂದರು. ಒಂದೊಂದು ಮಾತಿಗೂ ಹುಲಿ ಕುಗ್ಗಿತು. ನಾಯಿಯಾಯಿತು, ಬೆಕ್ಕಾಯಿತು, ಇಲಿಯಾಯಿತು, ಕೊನೆಗೆ ಒಂದು ಚಿಟಿಕೆ ಬೂದಿಯಾಯಿತು.

ಕಲ್ಲುಗಳೆಲ್ಲ ಮಕ್ಕಳಾದವು. ಬೈರ ಹರಳು ಉಗುಳಿ, "ಯಾರು ಗೆದ್ದರು?" ಎಂದ.

"ಓಟ ಇನ್ನೂ ಮುಗಿದಿಲ್ಲ ಅಣ್ಣ. ಕಾಲು ಎತ್ತು."

ಗೇಣು ಅಂತರದಲ್ಲಿ ಲಕ್ಕ ಗೆದ್ದ. ಏನು ಬೇಕೆಂದು ರಾಜ ಕೇಳಿದಾಗ ಅವನು ಸಿದ್ಲಿಯನ್ನು ಮುಂದೆ ತಳ್ಳಿದ. "ನನ್ನ ಪರವಾಗಿ ಇವಳೇ ಕೇಳಲಿ."

"ನಾವು ಓಡ್ತೀವಿ ಮಹಾರಾಜರೇ," ಎಂದಳು ಸಿದ್ಲಿ. "ಹೆದರಿಕೆ ಆದರೆ ಹೇಳ್ತೀವಿ. ಅದನ್ನ ಕೇಳೋಕಾಗದವರು ಚಪ್ಪಾಳೆ ತಟ್ಟೋಕೂ ಬರಬೇಡಿ."

ರಾಜ ತಲೆ ತಗ್ಗಿಸಿ ಒಪ್ಪಿದ. ಕರಿ ಹರಳುಗಳನ್ನೆಲ್ಲ ಅರಮನೆಯ ಬಚ್ಚಲಿಗೆ ಹಾಸಿದರು. ಜಾಲಗಿರಿಯ ಮಕ್ಕಳು ಗೆದ್ದರು, ಸೋತರು, ಮತ್ತೆ ಓಡಿದರು, ಬಾಯಿ ತುಂಬ ಮಾತಾಡಿಕೊಂಡು ಸುಖವಾಗಿ ಬಾಳಿದರು.