ಹಳದಿ ಗೆರೆಯಾಚೆ ನಿಂತವನು

"ಮೇಡಂ, ಬಸ್ಸು ಒಂದು ಗೇಣು ಎಡಕ್ಕೆ ಬಂದಿದೆ. ಹೀಗೆ ನಿಲ್ಸಿದ್ರೆ ಚಾರ್ಜ್ ಹತ್ತಲ್ಲ."

ಬಸ್ಸನ್ನು ಹಿಂದೆ ಮುಂದೆ ಮಾಡಿ ಮಾಡಿ ಸೋತಿದ್ದ ಅವಳಿಗೆ ಆ ದನಿ ಕೇಳಿಯೇ ಮೈ ಉರಿಯಿತು. ಹೇಳುವವನು ಹತ್ತಿರ ಬಂದಾದರೂ ಹೇಳಬಾರದೇ? ಹಳದಿ ಗೆರೆಯಾಚೆ ನಿಂತು ಕೈ ಬೀಸುತ್ತಿದ್ದಾನೆ, ಯಾರನ್ನೋ ಊರಿಗೆ ಕಳಿಸಿಕೊಡುವವನ ಹಾಗೆ...

"ನೀವೇ ಬಂದು ನಿಲ್ಸಿ ತೋರ್ಸಿ," ಎಂದಳು ಕಿಟಕಿಯಿಂದ ತಲೆ ಹೊರಹಾಕಿ. "ಬೆಳಗ್ಗೆಯಿಂದ ಸ್ಟೀರಿಂಗ್ ತಿರುಗಿಸಿ ನನ್ನ ತೋಳು ಬಿದ್ದುಹೋಗಿದೆ."

ಅವನು ಬರಲಿಲ್ಲ. ಸಿಟ್ಟಾಗಲೂ ಇಲ್ಲ. "ನಿಧಾನ ಮಾಡಿ, ಅವಸರ ಇಲ್ಲ," ಎಂದಷ್ಟೇ ಹೇಳಿ ಮತ್ತೆ ಕೈ ಎತ್ತಿದ.

ಕೊನೆಯ ನಿಲ್ದಾಣದಲ್ಲಿ ನೆಲದೊಳಗೆ ಚಾರ್ಜ್ ಮಾಡುವ ಅಗಲವಾದ ತಟ್ಟೆಯನ್ನು ಹೂಳಿಸಿ, ಸುತ್ತ ಹಳದಿ ಗೆರೆ ಎಳೆಸಿದ್ದು ಅವನೇ. ಅಂಥದೇ ಇನ್ನೊಂದು ತಟ್ಟೆ ಬಸ್ಸಿನ ಹೊಟ್ಟೆಯ ಕೆಳಗಿತ್ತು. ಎರಡೂ ಒಂದರ ಮೇಲೊಂದು ಸರಿಯಾಗಿ ಬಂದರೆ ಸಾಕು, ವೈರಿನ ಗೊಡವೆಯಿಲ್ಲದೆ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ಹೊಸ ಬಸ್ಸುಗಳಿಗೆ ಚಾಲಕರು ಒಗ್ಗಿಕೊಳ್ಳುವವರೆಗೆ ಅಲ್ಲೇ ಇದ್ದು ಕಲಿಸುವುದು ಆ ಇಂಜಿನಿಯರನ ಕೆಲಸ. ಚಾರ್ಜ್ ಆಗುತ್ತಿರುವ ಬಸ್ಸಿನ ಹತ್ತಿರ ಅವನು ಸುಳಿಯುವುದಿಲ್ಲವೆಂದು ಉಳಿದ ಚಾಲಕರು ಅವನಿಗೆ 'ಮಾರುದೂರ' ಎಂದು ಹೆಸರಿಟ್ಟಿದ್ದರು. ದೊಡ್ಡ ಸಾಹೇಬರು, ನಮ್ಮ ಬೆವರಿನ ವಾಸನೆ ಆಗುವುದಿಲ್ಲ ಎಂದು ನಗುತ್ತಿದ್ದರು.

ಮೊದಮೊದಲು ಅವಳೂ ನಕ್ಕಳು. ಆಮೇಲಾಮೇಲೆ ನಗು ಬರಲಿಲ್ಲ.

ಏಕೆಂದರೆ ಬಸ್ಸು ಚಾರ್ಜ್ ಆಗುವಷ್ಟು ಹೊತ್ತು ಅವರಿಬ್ಬರೂ ಮಾತಾಡತೊಡಗಿದ್ದರು. ಅವಳು ಚಾಲಕಿಯ ಸೀಟಿನಲ್ಲಿ, ಅವನು ಗೆರೆಯಾಚೆಯ ಬೆಂಚಿನ ಮೇಲೆ. ಮಾತೆಂದರೆ ದೊಡ್ಡ ಮಾತೇನಲ್ಲ. ಸೊಂಟ ಬಿದ್ದು ಮಲಗಿರುವ ಅಮ್ಮ ರಾತ್ರಿ ಹತ್ತು ಸಲ ಕರೆಯುತ್ತಾಳೆಂದು ಅವಳು ಹೇಳಿಕೊಂಡಳು. ಮದುವೆ ನಿಶ್ಚಯವಾಗಿದ್ದವನು 'ನಿಮ್ಮಮ್ಮನನ್ನ ಎಲ್ಲಾದರೂ ಬಿಟ್ಟು ಬಾ' ಎಂದದ್ದನ್ನೂ, ತಾನು ಅವನನ್ನೇ ಬಿಟ್ಟದ್ದನ್ನೂ ಹೇಳಿದಳು. ಅವನು ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸುಮ್ಮನೆ ಕೇಳಿಸಿಕೊಂಡ. ದಣಿದವರಿಗೆ ಅದಕ್ಕಿಂತ ಇನ್ನೇನು ಬೇಕು...

ಅವನು ತನ್ನ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ತಂಪಾಗಿದೆ, ಬಂದು ಕೂತುಕೊಳ್ಳಿ ಎಂದು ಅವಳು ಕರೆದಳು. ಕರೆಯುವಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಅವನ ಮುಖ ಒಮ್ಮೆ ಅರಳಿ, ತಕ್ಷಣ ಬಾಡಿತು. ಬೇಡ ಎಂದು ತಲೆಯಾಡಿಸಿ, ಏನೋ ಕೆಲಸದ ನೆವ ಹೇಳಿ ಎದ್ದುಹೋದ.

'ಇನ್ಯಾವತ್ತೂ ಕರೆಯಲ್ಲ,' ಎಂದುಕೊಂಡಳು. ಕಣ್ಣು ಉರಿದದ್ದು ನಿದ್ದೆಗೆಟ್ಟದ್ದಕ್ಕೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಅದೇ ವಾರ, ರಜೆ ಹಾಕಿದ ಇನ್ನೊಬ್ಬ ಚಾಲಕನ ಪಾಳಿಯೂ ಅವಳ ಹೆಗಲಿಗೆ ಬಿತ್ತು. ಬಸ್ಸನ್ನು ತಟ್ಟೆಯ ಮೇಲೆ ನಿಲ್ಲಿಸಿ, ಚಾರ್ಜ್ ಹತ್ತಿದ್ದನ್ನು ನೋಡಿ, ಮುಖ ತೊಳೆಯಲೆಂದು ಕೆಳಗಿಳಿದಳು. ಕಣ್ಣು ಕತ್ತಲಿಟ್ಟಿತು. ಮುಂದಿನ ಚಕ್ರದ ಪಕ್ಕದಲ್ಲೇ ಕುಸಿದಳು.

ಬೀಳುವಾಗ ಅವಳಿಗೆ ಅವನು ಕಂಡ. ಬೆಂಚಿನಿಂದ ಎದ್ದ. ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ... ಅವಳಿಗೆ ಬೆನ್ನು ತಿರುಗಿಸಿ ಓಡಿದ.

ಅವಳನ್ನು ಎತ್ತಿ ಕೂರಿಸಿ ನೀರು ಕೊಟ್ಟದ್ದು ನಿಲ್ದಾಣದ ಕಾವಲುಗಾರಣ್ಣ. ಸ್ವಲ್ಪ ಹೊತ್ತಿಗೆ ಅವನೂ ಏದುಸಿರು ಬಿಡುತ್ತ ಬಂದು, ಹೇಗಿದ್ದೀರಿ ಎಂದ. ಅವನು ಏನೋ ಹೇಳಹೊರಟ. ಅವಳು ಕೈಯೆತ್ತಿ ತಡೆದಳು.

"ಬಿಡಿ. ನೋಡ್ಬೇಕಾದ್ದು ನೋಡಿಯಾಯ್ತು."

ಮರುದಿನವೇ ಮೇಲಧಿಕಾರಿಯನ್ನು ಕಾಡಿ ಬೇಡಿ ಹಳೆಯ ಡೀಸೆಲ್ ಬಸ್ಸಿನ ಮಾರ್ಗಕ್ಕೆ ಹೋದಳು. ಗೇರ್ ಹಾಕಿದಾಗಲೆಲ್ಲ ಗೊರಗುಟ್ಟುವ ಬಸ್ಸು. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗೋಡೆಗೊರಗಿ ಕೂರುತ್ತಿದ್ದಳು. ಅವಳ ಮುಖ ನೋಡಿ ಅಮ್ಮ, ಯಾರ ಮೇಲೆ ಕೋಪ ಮಾಡಿಕೊಂಡಿದ್ದೀಯ ಎಂದು ಕೇಳಿದಳು. ಯಾರ ಮೇಲೂ ಇಲ್ಲ, ಸುಸ್ತು ಎಂದಳು. ಎರಡೂ ಒಂದೇ ಥರ ಕಾಣುತ್ತಿದ್ದವು.

ಒಂದು ಬೆಳಗ್ಗೆ ಅವನು ಆ ಬಸ್ಸು ಹತ್ತಿದ. ಟಿಕೆಟ್ ತೆಗೆದುಕೊಂಡು ಅವಳ ಪಕ್ಕದಲ್ಲೇ, ಇಂಜಿನಿನ ಮೇಲಿನ ಸೀಟಿನಲ್ಲಿ ಕೂತ. ಇಷ್ಟು ಹತ್ತಿರ ಅವನು ಎಂದೂ ಬಂದದ್ದಿಲ್ಲ. ಬಸ್ಸು ಕೊನೆಯ ನಿಲ್ದಾಣ ತಲುಪಿತು. ಜನರೆಲ್ಲ ಇಳಿದರು, ಅವನು ಇಳಿಯಲಿಲ್ಲ.

"ಇಲ್ಲಿ ಬೆವರಿನ ವಾಸನೆ ಬರಲ್ವಾ?" ಎಂದಳು, ರಸ್ತೆಯ ಕಡೆಗೇ ನೋಡುತ್ತ.

ಅವನು ಅಂಗಿಯ ಮೇಲೆ, ಎಡ ಹೆಗಲಿನ ಕೆಳಗೆ ಬೆರಳಿಟ್ಟ.

"ಇಲ್ಲೊಂದು ಯಂತ್ರ ಹಾಕಿದ್ದಾರೆ. ಹೃದಯ ತಾಳ ತಪ್ಪಿದ್ರೆ ಎಬ್ಸೋಕೆ. ಚಾರ್ಜ್ ಆಗ್ತಿರೋವಾಗ ಆ ತಟ್ಟೆ ಹತ್ತಿರ ಹೋದ್ರೆ ಇದು ಕೆಡಬಹುದು, ಹೋಗ್ಬೇಡಿ ಅಂದಿದ್ದಾರೆ ಡಾಕ್ಟರು."

ಅವಳು ಅವನ ಕಡೆ ತಿರುಗಿದಳು.

"ಅವತ್ತು..."

"ಕರೆಂಟ್ ನಿಲ್ಸೋ ಸ್ವಿಚ್ಚು ಆ ನಿಲ್ದಾಣದ ಇನ್ನೊಂದು ತುದೀಲಿದೆ. ಅದನ್ನ ಆಫ್ ಮಾಡದೆ ನಿಮ್ಮ ಹತ್ತಿರ ಬರೋ ಹಾಗಿರ್ಲಿಲ್ಲ. ಓಡಿದ್ದು ಅದಕ್ಕೆ. ತಿರುಗಿ ಬರೋಷ್ಟರಲ್ಲಿ ಕಾವಲುಗಾರಣ್ಣ ನಿಮ್ಮನ್ನ ಎತ್ತಿ ಕೂರ್ಸಿದ್ರು."

ಓಡಬಾರದ ಎದೆ ಹೊತ್ತು ಓಡಿದ್ದ ಅವನು... ತಾನು ಕಂಡದ್ದು ಅವನ ಬೆನ್ನನ್ನು ಮಾತ್ರ.

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದಳು. ಗೊತ್ತಾದರೆ ಆ ಕೆಲಸದಿಂದ ತೆಗೆಯುತ್ತಾರೆಂಬ ಹೆದರಿಕೆ ಇತ್ತಂತೆ. ಈಗ ತಾನಾಗಿಯೇ ಮೇಲಧಿಕಾರಿಗೆ ಹೇಳಿಯಾಯಿತು, ಇನ್ನು ತರಗತಿಯಲ್ಲಿ ಪಾಠ ಹೇಳುವ ಕೆಲಸ. ಆದರೆ ಅದೊಂದೇ ಕಾರಣವಲ್ಲ ಎಂದ.

"ನಿಮ್ಮ ಮನೇಲಿ ಒಬ್ರು ಮಲಗಿದ್ದಾರೆ. ನೀವು ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ. ಇನ್ನೊಬ್ಬ ರೋಗಿ ಹೋಗಿ ನಿಮ್ಮ ಕೊರಳಿಗೆ ಬೀಳೋದು ಹೇಗೆ ಅಂತ... ಇಷ್ಟ ಅನ್ನೋದನ್ನ ಹೇಳೋಕೂ ಒಂದು ಅರ್ಹತೆ ಬೇಕಲ್ಲ."

ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ.

"ನನಗೆ ಯಾರು ಭಾರ, ಯಾರು ಅಲ್ಲ ಅಂತ ಲೆಕ್ಕ ಹಾಕೋಕೆ ನಿಮಗ್ಯಾರು ಹೇಳಿದ್ರು? ಅಮ್ಮನನ್ನ ಬೇಡ ಅಂದವನನ್ನೇ ಬಿಟ್ಟವಳು ನಾನು. ನೀವೂ ನನ್ನ ಪರವಾಗಿ ನಿರ್ಧಾರ ಮಾಡ್ಬಿಟ್ರೆ, ಅವನಿಗೂ ನಿಮಗೂ ಏನ್ರೀ ವ್ಯತ್ಯಾಸ?"

"ತಪ್ಪಾಯ್ತು," ಎಂದ ಅವನು.

"ಇಷ್ಟ ಅಂದ್ರಲ್ಲ. ಅದನ್ನ ನೆಟ್ಟಗೆ ಹೇಳಿ."

"ಇಷ್ಟ. ತುಂಬಾ."

ಅವಳು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು. ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಕೈ ಬೆಚ್ಚಗಿತ್ತು.

"ಪಾಳಿ ಮುಗಿದ ಮೇಲೆ ಮನೆಗೆ ಬನ್ನಿ. ಅಮ್ಮನಿಗೆ ನೀವೇ ಹೇಳ್ಬೇಕು. ತುಂಬಾ ಪ್ರಶ್ನೆ ಕೇಳ್ತಾಳೆ."

"ಕೇಳ್ಲಿ."

"ಮಧ್ಯದಲ್ಲಿ ನಾನು ನಿದ್ದೆ ಹೋದ್ರೆ?"

"ನೀವು ಮಲಗಿ," ಎಂದ ಅವನು. "ಉತ್ತರ ನಾನು ಹೇಳ್ತೀನಿ."